ಬೆಳ್ಳಗೆ ಮಾಡಿಕೊಡದವರು

ನನಗೆ ಕ್ಯಾಮೆರಾ ಹಿಡಿಯಲು ಕಲಿಸಿದವರು ತೀರಿಕೊಂಡ ದಿನ ನಮ್ಮ ಫೋಟೊಗ್ರಾಫರುಗಳ ವಾಟ್ಸ್ಯಾಪ್ ಗುಂಪಿನಲ್ಲಿ ಏನೇನೋ ಬಂತು. ಮೃದುಭಾಷಿ ಎಂದರು ಒಬ್ಬರು. ಸದಾ ಹಸನ್ಮುಖಿ ಎಂದರು ಇನ್ನೊಬ್ಬರು. ಅಜಾತಶತ್ರು ಎಂದು ಬರೆದವರಂತೂ ಎಂಟು ವರ್ಷದಿಂದ ಅವರ ಜೊತೆ ಮಾತು ಬಿಟ್ಟಿದ್ದ ವಿಡಿಯೊದವರು. ಓದಿ ನನಗೆ ಮೈಯೆಲ್ಲ ಉರಿಯಿತು. ಅವರ ಬಾಯಿ ಎಂಥದ್ದು ಎಂದು ಇಡೀ ಮದ್ದೂರಿಗೆ ಗೊತ್ತಿತ್ತು. ವರ್ಷಕ್ಕೆ ಎರಡು ಸಲ ನಕ್ಕರೆ ಹೆಚ್ಚು. ಶತ್ರುಗಳಂತೂ ಬೇಕಾದಷ್ಟಿದ್ದರು, ಮತ್ತು ಅವರಲ್ಲಿ ಬಹಳ ಜನ ಅವರ ಗಿರಾಕಿಗಳೇ ಆಗಿದ್ದರು. ಇಂಥವರನ್ನು ಹಸನ್ಮುಖಿ ಮಾಡಿ ಕಳಿಸಿಕೊಡುವುದು ಅವರಿಗೆ ಮಾಡುವ ಅವಮಾನ ಎಂದೇ ನನಗನ್ನಿಸಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಹೆಸರು ಮಾತ್ರ ಬರೆಯುವುದಿಲ್ಲ. ಬರೆದರೆ ಎದ್ದು ಬಂದು ಬೈದಾರು.

ಆಳು ತೆಳ್ಳಗೆ, ಬಣ್ಣ ಕಪ್ಪು. ಎಣ್ಣೆಗಪ್ಪಲ್ಲ, ಬಿಸಿಲಿನ ಕಪ್ಪೂ ಅಲ್ಲ, ಹುಟ್ಟಿದ ಕಪ್ಪು. ಬಸ್ ಸ್ಟ್ಯಾಂಡಿನ ಹತ್ತಿರದ ಓಣಿಯಲ್ಲಿ ಒಂದು ಹೋಟೆಲಿನ ಮೇಲೆ ಅವರ ಸ್ಟುಡಿಯೊ. ಕಿರಿದಾದ ಮೆಟ್ಟಿಲು ಹತ್ತಿ ಹೋದರೆ ಕೆಳಗಿನ ವಡೆಯ ಎಣ್ಣೆ ವಾಸನೆಯೂ ನಮ್ಮ ಜೊತೆಗೇ ಹತ್ತಿ ಬರುತ್ತಿತ್ತು. ಮದುವೆಯಾದವರು ಆಲ್ಬಮ್ ಬಿಚ್ಚಿದರೆ ಮೊದಲು ಬರುವುದು ವಡೆಯ ವಾಸನೆ ಎಂದು ಬೇರೆ ಸ್ಟುಡಿಯೊದವರು ಆಡಿಕೊಳ್ಳುತ್ತಿದ್ದರು.

ನಾನು ಆ ಮೆಟ್ಟಿಲನ್ನು ಮೊದಲ ಸಲ ಹತ್ತಿದ್ದು ಡಿಗ್ರಿ ಮುಗಿಸಿದ ವರ್ಷ. ನಮ್ಮೂರು ಮಳವಳ್ಳಿ ಕಡೆಯ ಒಂದು ಹಳ್ಳಿ. ಮಂಡ್ಯದ ಕಡೆಯಿಂದ ಸರ್ಕಾರಿ ಕೆಲಸದ ಗಂಡಿನ ಪ್ರಸ್ತಾಪ ಬಂದಿತ್ತು. ಅವರು ಮೊದಲು ಫೋಟೊ ಕೇಳಿದ್ದರು. ಮದ್ದೂರಿನ ಈ ಸ್ಟುಡಿಯೊದಲ್ಲಿ ತೆಗೆಸಿದರೆ ಫೋಟೊ ಚೆನ್ನಾಗಿ ಬರುತ್ತದೆ ಎಂದು ಯಾರೋ ಹೇಳಿದ್ದರಿಂದ ನಮ್ಮ ಸೋದರತ್ತೆ ನನಗೆ ತನ್ನ ರೇಷ್ಮೆ ಸೀರೆ ಉಡಿಸಿ ಕರೆದುಕೊಂಡು ಬಂದಿದ್ದಳು. ನಾನು ಸ್ಟೂಲಿನ ಮೇಲೆ ಕೂತೆ. ಅವರು ಲೈಟು ಸರಿಮಾಡುತ್ತಿದ್ದರು. ಅತ್ತೆ ಹತ್ತಿರ ಹೋಗಿ, ದನಿ ತಗ್ಗಿಸಿ, ಆದರೆ ನನಗೆ ಕೇಳುವ ಹಾಗೆಯೇ ಹೇಳಿದಳು.

"ಸಾ, ಮಗಿ ವಸಿ ಕಪ್ಪು. ಫೋಟದಲ್ಲಿ ಬೆಳ್ಳುಗೆ ಮಾಡ್ಕೊಡಿ."

"ಮಾಡಾಕಿಲ್ಲ."

"ಅದೇನ್ ಕಷ್ಟ ಸಾ? ಕಂಪೂಟ್ರಲ್ಲಿ ಎಲ್ರೂ ಮಾಡ್ತಾರಂತಲ್ಲ."

"ಮಾಡೋರತ್ರ ಓಗಿ. ಈಗ ಕೂತವ್ಳಲ್ಲ, ಈ ಎಣ್ಣಿನ ಫೋಟ ನಾನ್ ತಗೀತೀನಿ. ಬೇರೆ ಎಣ್ಣಿನ ಫೋಟ ಬೇಕಾದ್ರೆ ಬೇರೆ ಎಣ್ಣ ಕರ್ಕಂಬನ್ನಿ."

ಅತ್ತೆಗೆ ಎದ್ದು ಹೋಗುವ ಮನಸ್ಸಿತ್ತು. ಆದರೆ ಸೀರೆ ಉಡಿಸಿ, ಹೂ ಮುಡಿಸಿ, ಬಸ್ಸಿನಲ್ಲಿ ನೆರಿಗೆ ಕೆಡದಂತೆ ನಿಲ್ಲಿಸಿಕೊಂಡು ಬಂದಿದ್ದಳಲ್ಲ, ಗೊಣಗುತ್ತಲೇ ತೆಗೆಸಿದಳು. ಹದಿನೈದು ದಿನಕ್ಕೆ ಗಂಡಿನ ಕಡೆಯಿಂದ ಹೇಳಿಕೆ ಬಂತು. ಹುಡುಗಿ ಲಕ್ಷಣವಾಗಿದ್ದಾಳೆ, ಆದರೆ ನಮ್ಮ ಹುಡುಗನಿಗೆ ಬಣ್ಣ ಒಪ್ಪಿಗೆಯಾಗಲಿಲ್ಲ. ಅತ್ತೆ ಮೂರು ದಿನ ಆ ಫೋಟೊಗ್ರಾಫರಿನ ವಂಶವನ್ನೆಲ್ಲ ಜಾಲಾಡಿದಳು. ನಾಲ್ಕನೆಯ ದಿನ ನಾನು ಒಬ್ಬಳೇ ಮದ್ದೂರಿನ ಬಸ್ಸು ಹತ್ತಿದೆ, ಜಗಳ ಮಾಡಿ ಬರೋಣ ಎಂದು.

ಫೋಟೊ ಅವರ ಮೇಜಿನ ಮೇಲೆ ಹಾಕಿ, "ನಿಮ್ಮಿಂದ ತಪ್ಪೋಯ್ತು" ಎಂದೆ. ಅವರು ಕನ್ನಡಕ ಹಾಕಿಕೊಂಡು ಫೋಟೊವನ್ನು ಬಹಳ ಹೊತ್ತು ನೋಡಿದರು. ನನ್ನ ಕಡೆ ನೋಡಲೇ ಇಲ್ಲ.

"ಎಲ್ಲಿ ತಪ್ಪಾಗದೆ ತೋರ್ಸು."

"ಕಪ್ಪಗಿದ್ದೀನಲ್ಲ!"

"ಅದು ನಿನ್ ಬಣ್ಣ. ಫೋಟದಲ್ಲಿ ತಪ್ಪೆಲ್ಲಿ? ಕಣ್ಣು ಕಾಣಾಕಿಲ್ವಾ? ಹುಬ್ಬಿನ ತಾವ ಗಾಯದ ಗುರ್ತು ಕಾಣಾಕಿಲ್ವಾ? ಎಲ್ಲಿ ಮಸುಕಾಗದೆ ಅಂತ ಏಳು. ತಪ್ಪಿದ್ರೆ ಬ್ಯಾರೆ ತೆಕ್ಕೊಡ್ತೀನಿ."

ಆಗ ನಾನು ಆ ಫೋಟೊವನ್ನು ಮೊದಲ ಸಲ ಸರಿಯಾಗಿ ನೋಡಿದೆ. ಮನೆಯಲ್ಲಿ ಅದನ್ನು ನೋಡುವ ಧೈರ್ಯವೇ ಬಂದಿರಲಿಲ್ಲ. ಅಲ್ಲಿಯವರೆಗೆ ನಮ್ಮ ನೆಂಟರಿಷ್ಟರ ಮದುವೆ ಫೋಟೊಗಳಲ್ಲೆಲ್ಲ ನಾನು ಎಂದರೆ ಎರಡು ಕಣ್ಣು, ಒಂದು ಸಾಲು ಹಲ್ಲು, ಅಷ್ಟೆ. ಇಲ್ಲಿ ನನಗೆ ಕೆನ್ನೆಯಿತ್ತು. ಕೆನ್ನೆಯ ಮೇಲೆ ಬೆಳಕಿತ್ತು. ಚಿಕ್ಕಂದಿನಲ್ಲಿ ಬಿದ್ದು ಹುಬ್ಬಿನ ಹತ್ತಿರ ಆದ ಗಾಯದ ಗುರುತಿತ್ತು. ಕಪ್ಪಗೇ ಇದ್ದೆ, ಆದರೆ ಇದ್ದೆ. ಮೇಜಿನ ಮೇಲೆ ಹಾಕಿದ್ದ ಫೋಟೊವನ್ನು ಎತ್ತಿ ಚೀಲದೊಳಗೆ ಇಟ್ಟುಕೊಂಡೆ.

"ಕಂಪೂಟ್ರು ಬತ್ತದಾ?" ಎಂದರು.

"ಬತ್ತದೆ."

"ಆಲ್ಬಮ್ ಜೋಡ್ಸೋನು ಬುಟ್ಟೋದ. ಸೋಮವಾರದಿಂದ ಬಾ."

ಹೀಗೆ ನಾನು ಜಗಳಕ್ಕೆ ಹೋದವಳು ಕೆಲಸ ಹಿಡಿದುಕೊಂಡು ಬಂದೆ. ಅತ್ತೆ ನನ್ನ ಜೊತೆ ಆರು ತಿಂಗಳು ಮಾತಾಡಲಿಲ್ಲ. ಮದುವೆ ಆಯಿತಾ ಎಂದು ಕೇಳುವವರಿಗೆ ಇಲ್ಲೇ ಹೇಳಿಬಿಡುತ್ತೇನೆ: ಆಗಿದೆ, ಚೆನ್ನಾಗಿದ್ದೇನೆ, ಫೋಟೊ ಕಳಿಸಿ ಆದದ್ದಲ್ಲ.

ಆಲ್ಬಮ್ ಜೋಡಿಸುತ್ತ ಜೋಡಿಸುತ್ತ ಕ್ಯಾಮೆರಾ ಕಲಿಸಿಕೊಡಿ ಎಂದು ಹಿಂದೆ ಬಿದ್ದೆ. ಮೂರು ತಿಂಗಳು ಕಿವಿಗೇ ಹಾಕಿಕೊಳ್ಳಲಿಲ್ಲ. ಆಮೇಲೆ ಒಂದು ಮಧ್ಯಾಹ್ನ ಅವರ ಹೆಂಡತಿ ಕಳಿಸಿದ ಬುತ್ತಿ ಬಿಚ್ಚಿ, ಒಂದು ಬಿಳಿ ಪಿಂಗಾಣಿ ತಟ್ಟೆಯಲ್ಲಿ ರಾಗಿ ಮುದ್ದೆಯನ್ನೂ ಪಕ್ಕದಲ್ಲಿ ಅನ್ನವನ್ನೂ ಇಟ್ಟರು. ಕ್ಯಾಮೆರಾ ಕೈಗೆ ಕೊಟ್ಟು, ತೆಗಿ ಎಂದರು. ನನಗೆ ನಗು ಬಂತು. ತೆಗೆದು ನೋಡಿದರೆ ಅನ್ನ ಚೆನ್ನಾಗಿ ಬಂದಿದೆ, ಮುದ್ದೆ ಇದ್ದಿಲಿನ ಉಂಡೆಯಾಗಿದೆ. ಇನ್ನೊಂದು ತೆಗೆದರೆ ಮುದ್ದೆ ಸರಿಯಾಯಿತು, ಅನ್ನವೂ ತಟ್ಟೆಯೂ ಒಂದೇ ಆಗಿ ಸುಣ್ಣದ ಹಾಗೆ ಉರಿದುಹೋದವು. ಮುದ್ದೆಯ ಮೇಲೆ ಕೈಬೆರಳಿನ ಗುರುತೂ ಕಾಣಬೇಕು, ಅನ್ನದ ಅಗುಳೂ ಕಾಣಬೇಕು ಎಂಬುದು ಅವರ ಲೆಕ್ಕ. ಒಂದು ವಾರ ಆ ಮುದ್ದೆಯ ಸುತ್ತ ತಿರುಗಿದೆ. ಅವರು ಹಸಿದು ಕೂತಿರುತ್ತಿದ್ದರು. ಇವತ್ತಿಗೆ ಸಾಕು ಎಂದು ನಾನು ಕ್ಯಾಮೆರಾ ಕೆಳಗಿಡುವತನಕ ಊಟಕ್ಕೆ ಕೈ ಹಚ್ಚುತ್ತಿರಲಿಲ್ಲ. ಸಾರು ಆರಿ ಕೆನೆ ಕಟ್ಟುತ್ತಿತ್ತು.

ಎಂಟನೆಯ ದಿನ ಎರಡೂ ಕಂಡವು. ನೋಡಿದರು, ಹೊಗಳಲಿಲ್ಲ, ಮುದ್ದೆ ಮುರಿದು ಬಾಯಿಗಿಟ್ಟುಕೊಂಡರು. ನುಂಗಿದ ಮೇಲೆ ಹೇಳಿದರು.

"ಕ್ಯಾಮೆರಾ ದಡ್ಡು ಕಣಮ್ಮ. ಬಿಳೀದು ಜಾಸ್ತಿ ಕಂಡ್ರೆ ಎಲ್ಲಾನೂ ಕತ್ಲೆ ಮಾಡ್ಬುಡ್ತದೆ. ನಮ್ ಮದ್ವೇಲಿ ಪಂಚೆ ಬಿಳೀದು, ಸಲ್ಟು ಬಿಳೀದು. ಮಕ ಮಾತ್ರ ನಮ್ಮವು. ನೀನು ಪಂಚೆ ನೋಡಿ ಬೆಳಕು ಇಡ್ಬ್ಯಾಡ, ಮಕ ನೋಡಿ ಇಡು. ಮಕ ಕರ್ರುಗಿರಾದು ತಪ್ಪಲ್ಲ, ಮಕ ಕಾಣ್ದೆ ಇರಾದು ತಪ್ಪು."

ಅವರ ಮಾತಿನಲ್ಲಿ ನಾನು ಬರೆದಿಟ್ಟುಕೊಂಡದ್ದು ಇದೊಂದೇ. ಉಳಿದದ್ದೆಲ್ಲ ಬೈಗುಳ.

ಬಿಳಿ ಅಂಗಿಯನ್ನು ಅವರು ಬೇರೆ ರೀತಿಯಲ್ಲಿ ದುಡಿಸಿಕೊಳ್ಳುತ್ತಿದ್ದರು. ಛತ್ರದ ಕೋಣೆಯಲ್ಲಿ ಹೆಣ್ಣನ್ನು ಕಿಟಕಿಯ ಪಕ್ಕ ನಿಲ್ಲಿಸುತ್ತಿದ್ದರು. ಒಂದು ಕೆನ್ನೆಗೆ ಬೆಳಕು, ಇನ್ನೊಂದು ಕೆನ್ನೆಗೆ ಕತ್ತಲೆ. ಆಗ ಹೊರಗೆ ಹೋಗಿ, ಗರಿಗರಿ ಬಿಳಿ ಅಂಗಿ ತೊಟ್ಟು ಓಡಾಡುತ್ತಿರುವ ಯಾರಾದರೂ ದೊಡ್ಡ ಮನುಷ್ಯರನ್ನು ಹಿಡಿಯುತ್ತಿದ್ದರು. "ಯಜಮಾನ್ರೇ, ತಾವು ಈ ಮಗಿ ಪಕ್ಕದಲ್ಲಿ ನಿಂತ್ಕಬೇಕು. ಇನ್ನೊಂದ್ ವಸಿ ಅತ್ರಕ್ಕೆ ಬನ್ನಿ." ಯಜಮಾನರು ಎದೆ ಉಬ್ಬಿಸಿಕೊಂಡು ನಿಲ್ಲುತ್ತಿದ್ದರು. ಅವರ ಅಂಗಿಗೆ ಬಿದ್ದ ಬೆಳಕು ಹೆಣ್ಣಿನ ಕತ್ತಲೆ ಕೆನ್ನೆಗೆ ತಿರುಗಿ ಬೀಳುತ್ತಿತ್ತು. ಫೋಟೊದಲ್ಲಿ ಯಜಮಾನರ ಒಂದು ಗುಂಡಿಯೂ ಬರುತ್ತಿರಲಿಲ್ಲ. ಒಬ್ಬ ಮಾಜಿ ತಾಲ್ಲೂಕು ಪಂಚಾಯಿತಿ ಸದಸ್ಯರು ಇಪ್ಪತ್ತು ನಿಮಿಷ ಹಾಗೆ ನಿಂತು, ಆಲ್ಬಮ್ ಬಂದ ಮೇಲೆ ತಮ್ಮನ್ನು ಹುಡುಕಿ ಹುಡುಕಿ ಸುಸ್ತಾಗಿ ಸ್ಟುಡಿಯೊಗೇ ಬಂದರು. "ನೀವಿಲ್ದೆ ಆ ಫೋಟನೇ ಇಲ್ಲ ಕಣ್ರೀ" ಎಂದು ಇವರು ಗಂಭೀರವಾಗಿ ಹೇಳಿದರು. ಅದು ನಿಜವೇ ಆಗಿತ್ತು.

ಇನ್ನು ನನ್ನ ತಪ್ಪಿನ ವಿಷಯಕ್ಕೆ ಬರುತ್ತೇನೆ. ಅದನ್ನು ಬಿಟ್ಟು ಅವರ ಬಗ್ಗೆ ಬರೆದರೆ ನಾನೂ ಆ ವಾಟ್ಸ್ಯಾಪ್ ಗುಂಪಿನವರ ಹಾಗೆಯೇ ಆಗುತ್ತೇನೆ.

ಬೆಸಗರಹಳ್ಳಿಯ ಒಂದು ಮದುವೆ. ಹೆಣ್ಣು ನನ್ನಷ್ಟೇ ಕಪ್ಪು, ಗಂಡು ಒಂದಿಷ್ಟು ಬೆಳ್ಳಗೆ. ಸ್ಟೇಜಿನ ಹತ್ತಿರ ಗಂಡಿನ ಕಡೆಯ ಹೆಂಗಸರು ಹೆಣ್ಣಿನ ಬಣ್ಣದ ಬಗ್ಗೆ ಗುಸುಗುಸು ಮಾತಾಡಿಕೊಳ್ಳುತ್ತಿದ್ದುದು ನನ್ನ ಕಿವಿಗೆ ಬಿದ್ದಿತ್ತು. ಆಲ್ಬಮ್ ಜೋಡಿಸಲು ಕೂತಾಗ ಆ ಗುಸುಗುಸು ನೆನಪಾಯಿತು. ಆ ದಿನ ನಮ್ಮ ಸಾರ್ ಮುತ್ತತ್ತಿಯಲ್ಲಿ ಯಾರದೋ ಮಗುವಿನ ಮುಡಿ ತೆಗೆಸುವ ಕಾರ್ಯಕ್ಕೆ ಕ್ಯಾಮೆರಾ ಹಿಡಿದು ಹೋಗಿದ್ದರು. ಸ್ಟುಡಿಯೊದಲ್ಲಿ ನಾನೊಬ್ಬಳೇ. ಪಾಪ, ಈ ಹುಡುಗಿಯಾದರೂ ಗಂಡನ ಮನೆಯಲ್ಲಿ ಆಲ್ಬಮ್ ಬಿಚ್ಚಿದಾಗ ತಲೆ ಎತ್ತಿಕೊಂಡಿರಲಿ ಎಂದು, ಮೂವತ್ತು ಹಾಳೆಗಳಲ್ಲೂ ಅವಳ ಮುಖವನ್ನು ಬೆಳ್ಳಗೆ ಮಾಡಿದೆ. ಸಂಜೆಯೊಳಗೆ ಮುಗಿಸಬೇಕಿತ್ತು. ಮುಖ ಮಾಡಿದೆ, ಕತ್ತು ಮಾಡಿದೆ. ಕೈ ಮರೆತೆ.

ಅವರಿಗೆ ತೋರಿಸದೆ ಪ್ರಿಂಟಿಗೆ ಕಳಿಸಿದೆ. ಆಲ್ಬಮ್ ಕೊಡಲು ಇಬ್ಬರೂ ಬೆಸಗರಹಳ್ಳಿಗೆ ಹೋದೆವು. ಹುಡುಗಿ ತವರಿಗೆ ಬಂದಿದ್ದಳು. ಜಗಲಿಯ ಮೇಲೆ ಮನೆಯವರೆಲ್ಲ ಸುತ್ತ ಕೂತರು. ಅವಳ ಅಜ್ಜಿ ಮೊದಲ ಹಾಳೆಯನ್ನು ಕಣ್ಣಿನ ಹತ್ತಿರಕ್ಕೆ ತಂದುಕೊಂಡು ನೋಡಿ, "ಗಂಡು ಸರಿ. ಈ ಎಣ್ಣು ಯಾರವ್ವ?" ಎಂದಿತು. ಯಾರೋ ಕಿಸಕ್ಕೆಂದರು. ಹುಡುಗಿಯ ತಮ್ಮ ಒಂದೊಂದು ಹಾಳೆಗೂ "ಮಕ ಯಾರ್ದೋ, ಕೈ ನಮ್ಮಕ್ಕಂದು" ಎನ್ನುತ್ತ ಹೋದ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಹುಡುಗಿಯನ್ನು ನೋಡಿದೆ. ಅವಳೂ ನಗುತ್ತಲೇ ಇದ್ದಳು. ನಗುತ್ತ ನಗುತ್ತ ತನ್ನ ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು.

ಮದುವೆಯ ದಿನ ಅದೇ ಹುಡುಗಿ ಮೆಹಂದಿ ಹಚ್ಚಿದ ಆ ಕೈಗಳನ್ನು ನನ್ನ ಕ್ಯಾಮೆರಾದ ಮುಂದೆ ಚಾಚಿ, ಚೆನ್ನಾಗಿದೆಯಾ ಅಕ್ಕ ಎಂದು ಕೇಳಿದ್ದಳು. ಅವಳಿಗೆ ಇಲ್ಲದ ನಾಚಿಕೆಯನ್ನು ನಾನು ತಂದುಕೊಟ್ಟಿದ್ದೆ. ನನ್ನ ಸೋದರತ್ತೆ ನನಗೆ ಮಾಡಿದ್ದನ್ನು ನಾನು ಅವಳಿಗೆ ಮಾಡಿದ್ದೆ, ಅದೂ ಮೂವತ್ತು ಹಾಳೆ.

ಅವರು ನನ್ನನ್ನು ಅಲ್ಲಿ ಬೈಯಲಿಲ್ಲ. ಆಲ್ಬಮ್ ಮುಚ್ಚಿ, "ತಪ್ಪಾಗದೆ, ಬ್ಯಾರೆ ಮಾಡ್ಕೊಡ್ತೀವಿ" ಎಂದು ಮನೆಯವರಿಗೆ ಹೇಳಿದರು. ಆಮೇಲೆ ಚೀಲದಿಂದ ಕ್ಯಾಮೆರಾ ತೆಗೆದು ನನ್ನ ಕೈಗಿಟ್ಟರು.

"ಆ ಮಗಿ ಕೈ ತಗಿ."

"ಸಾರ್..."

"ಮಕ ಆಮ್ಯಾಕೆ. ಮೊದ್ಲು ಕೈ ತಗಿ."

ಹುಡುಗಿ ಕೈ ಹೊರಗೆ ತೆಗೆಯಲಿಲ್ಲ. ನಾನು ಜಗಲಿಯ ಮೆಟ್ಟಿಲ ಮೇಲೆ, ಅವಳ ಕಾಲ ಬಳಿ ಕೂತೆ. ನನ್ನ ಕೈಯನ್ನೇ ಚಾಚಿ ಅವಳ ಮಡಿಲ ಮೇಲಿಟ್ಟು, "ನೋಡು, ನಂದೂ ಅಷ್ಟೇ" ಎಂದೆ. ಅವಳು ನನ್ನ ಕೈ ನೋಡಿದಳು, ಮುಖ ನೋಡಿದಳು. ನಿಧಾನವಾಗಿ ಒಂದು ಕೈ ಬಂತು, ಆಮೇಲೆ ಇನ್ನೊಂದು. ಹಸಿರು ಬಳೆ, ಮಾಸುತ್ತಿದ್ದ ಮೆಹಂದಿ, ಹೊಸ ಉಂಗುರ. ಬೆಳಕನ್ನು ಆ ಕೈ ನೋಡಿ ಇಟ್ಟೆ. ನಾನು ತೆಗೆದದ್ದರಲ್ಲಿ ಫೋಟೊ ಎನ್ನಿಸಿಕೊಂಡದ್ದು ಅದೇ ಮೊದಲನೆಯದು. ಹೊಸ ಆಲ್ಬಮಿನ ಮೊದಲ ಹಾಳೆಗೆ ಅವರು ಅದನ್ನೇ ಹಾಕಿದರು.

ವಾಪಸ್ ಬರುವಾಗ ಬೈಗುಳ ಶುರುವಾಯಿತು. ಬಸ್ಸಿನಲ್ಲಿ ಅಕ್ಕಪಕ್ಕದವರೆಲ್ಲ ತಿರುಗಿ ನೋಡುವಷ್ಟು ಬೈದರು. ನನಗೂ ರೇಗಿತು. ಅವರು ತಿಂಗಳಿಗೆರಡು ಸಲ ಮೀಸೆಗೆ ಬಣ್ಣ ಹಚ್ಚಿಕೊಳ್ಳುತ್ತಿದ್ದರು. "ನೀವು ಮೀಸೆ ಕಪ್ಪು ಮಾಡ್ಕಬೌದು, ನಾನು ಮಕ ಬಿಳಿ ಮಾಡಬಾರ್ದಾ?" ಎಂದುಬಿಟ್ಟೆ.

ಆ ವರ್ಷದ ಎರಡು ನಗೆಗಳಲ್ಲಿ ಒಂದು ಆಗ ಬಂತು. "ಮೀಸೆ ನಂದು. ಬಣ್ಣ ನಾನೇ ಬಳ್ಕಂಡಿವ್ನಿ. ಆ ಮಗಿ ನಿನ್ನ ಕೇಳಿದ್ಲಾ?" ಎಂದರು.

ಕೇಳಿರಲಿಲ್ಲ.

ಹಾಗೆಂದು ಅವರ ಹಟದಿಂದ ಊರು ಬದಲಾಯಿತು ಎಂದೇನೂ ಅಲ್ಲ. ಗಿರಾಕಿಗಳು ಮೆಟ್ಟಿಲು ಹತ್ತಿ, ಬೆಳ್ಳಗೆ ಮಾಡಿಕೊಡುತ್ತೀರಾ ಎಂದು ಕೇಳಿ, ಮೆಟ್ಟಿಲು ಇಳಿದು ಹೋಗುತ್ತಿದ್ದರು. ಹೊಸ ಸ್ಟುಡಿಯೊಗಳು ಬಂದವು, ಡ್ರೋನ್ ಬಂತು, ಸ್ಟೇಜಿನ ಹಿಂದೆ ಕಣ್ಣು ಕುಕ್ಕುವ ಎಲ್‌ಇಡಿ ಪರದೆ ಬಂತು. ಆ ಪರದೆಯ ಮುಂದೆ ಎಂಥ ಬಣ್ಣದವರೂ ಕಪ್ಪಗೆ ಕಾಣುತ್ತಾರೆ. ಅದನ್ನು ಆರಿಸದಿದ್ದರೆ ಕ್ಯಾಮೆರಾ ಹೊರಗೆ ತೆಗೆಯುವುದಿಲ್ಲ ಎಂದು ಇವರು ಕೂತುಬಿಡುತ್ತಿದ್ದರು. ಒಮ್ಮೆ ಅದನ್ನು ಆರಿಸಬೇಡಿ ಎಂದ ಗಂಡಿನ ತಂದೆಯನ್ನೇ ಸ್ಟೇಜಿನಿಂದ ಇಳಿಸಿದ್ದರು. ಸ್ವಲ್ಪ ಬಗ್ಗಿದ್ದರೆ ಏನಾಗುತ್ತಿತ್ತು ಸಾರ್ ಎಂದು ನಾನೇ ಎಷ್ಟೋ ಸಲ ಕೇಳಿದ್ದೇನೆ. "ಸೊಂಟ ನೋಯ್ತಿತ್ತು" ಎನ್ನುತ್ತಿದ್ದರು.

ಮಳವಳ್ಳಿಯ ಒಂದು ಮದುವೆಯಲ್ಲಿ ಧಾರೆಯ ಫೋಟೊ ತೆಗೆಯಲು ನನ್ನನ್ನೇ ಸ್ಟೇಜು ಹತ್ತಿಸಿದರು. ಅದು ನನ್ನ ಮೊದಲ ಧಾರೆ. ಹೆಣ್ಣಿನ ದೊಡ್ಡಪ್ಪ ಅಡ್ಡ ಬಂದು, "ಎಣ್ಣೈಕ್ಳು ತಗ್ಯಾದ್ ಬ್ಯಾಡ, ನೀವೇ ತಗೀರಿ. ಮೂರ್ತ ತಪ್ಪೋದ್ರೆ?" ಎಂದರು. ಇವರು ತಮ್ಮ ಕ್ಯಾಮೆರಾವನ್ನು ಚೀಲಕ್ಕೆ ಹಾಕಿ, ಜಿಪ್ ಎಳೆದು, ಮೊದಲನೆಯ ಸಾಲಿನ ಕುರ್ಚಿಯಲ್ಲಿ ಕೂತರು. "ಅವ್ಳು ತಗೀತಾಳೆ. ಇಲ್ಲಾಂದ್ರೆ ಯಾರೂ ತಗ್ಯಾಕಿಲ್ಲ." ಓಲಗ ಜೋರಾಯಿತು. ದೊಡ್ಡಪ್ಪನಿಗೆ ಬೇರೆ ದಾರಿ ಇರಲಿಲ್ಲ. ನಾನು ಮೊಣಕಾಲೂರಿ, ಧಾರೆಯ ನೀರು ಬೀಳುವ ಗಳಿಗೆಯನ್ನು ಹಿಡಿದೆ. ಆಮೇಲೆ ಅವರು ಹೇಳಿದ್ದು, "ಎಡಗಡೆ ಇನ್ನೊಂದ್ ಎಜ್ಜೆ ಓಗ್ಬೇಕಿತ್ತು" ಎಂದಷ್ಟೆ.

ಆಮೇಲೆ ನಾನು ಮಳವಳ್ಳಿಯಲ್ಲೇ ನನ್ನ ಸ್ಟುಡಿಯೊ ಮಾಡಿಕೊಂಡೆ. ಅವರು ಕೊನೆಯವರೆಗೂ ಮದ್ದೂರಿನಲ್ಲೇ ಇದ್ದರು. ಒಂದು ಬೆಳಿಗ್ಗೆ ಮೆಟ್ಟಿಲು ಹತ್ತುವಾಗ ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲ.

ಹನ್ನೊಂದನೆಯ ದಿನದ ಕಾರ್ಯಕ್ಕೆ ಬೆಳಿಗ್ಗೆಯೇ ಹೋದೆ. ಮನೆಯ ಮುಂದೆ ಶಾಮಿಯಾನ ಹಾಕಿದ್ದರು. ಅದರ ಬಾಯಲ್ಲಿ ಎರಡು ಬಿದಿರಿಗೆ ಕಟ್ಟಿ ಆಳೆತ್ತರದ ಶ್ರದ್ಧಾಂಜಲಿ ಫ್ಲೆಕ್ಸು ನಿಲ್ಲಿಸಿದ್ದರು. ನಮ್ಮ ವೃತ್ತಿಯ ಗೆಳೆಯರೇ ಮಂಡ್ಯದಲ್ಲಿ ಮಾಡಿಸಿ ತಂದದ್ದು. ಫೋಟೊ ನನಗೆ ಗೊತ್ತು, ನಾನೇ ತೆಗೆದದ್ದು. ಆದರೆ ಅದರಲ್ಲಿ ಅವರು ಬೆಳ್ಳಗಿದ್ದರು. ಗುಲಾಬಿ ಬಣ್ಣದ ಕೆನ್ನೆ, ಕೆಂಪು ತುಟಿ, ಹಣೆಯ ಮೇಲೆ ಒಂದು ಗೆರೆಯೂ ಇಲ್ಲ.

ಹನ್ನೊಂದು ದಿನ ಬಾರದ ಅಳು ಆಗ ಬಂತು. ಅಳುತ್ತಲೇ ಪ್ರಿಂಟಿನವನಿಗೆ ಫೋನು ಮಾಡಿದೆ.

"ನಾವು ಎಲ್ರುಗೂ ಮಾಡಾದೆ ಮೇಡಂ. ಯಾರೂ ಏಳಾದೇ ಬ್ಯಾಡ" ಎಂದ ಅವನು, ಬಹಳ ಒಳ್ಳೆಯ ಮನಸ್ಸಿನಿಂದ.

"ನಾನ್ ತಗ್ದಿರೋ ಫೋಟ ಎಂಗದೋ ಅಂಗೇ ಆಕಿ ಇನ್ನೊಂದ್ ಮಾಡು. ಈಗ್ಲೇ ಬಸ್ಸಿಗೆ ಕೊಟ್ಟು ಕಳ್ಸು."

"ಆಗ ಕರ್ರುಗೆ ಬತ್ತಾರಲ್ಲ ಮೇಡಂ?"

"ಬರ್ಲಿ."

ಆಮೇಲೆ ಕುರ್ಚಿ ಎಳೆದು ಹತ್ತಿ ಹಗ್ಗ ಬಿಚ್ಚಿದೆ. ಗೆಳೆಯರು ಓಡಿ ಬಂದರು. ಕಾರ್ಯದ ದಿನ ಇಳಿಸಬಾರದು, ಅಪಶಕುನ, ಗೌರವಕ್ಕೆ ಮಾಡಿಸಿದ್ದು, ನಿನಗೇನು ತಲೆ ಕೆಟ್ಟಿದೆಯಾ ಎಂದು ಒಬ್ಬರಾದ ಮೇಲೆ ಒಬ್ಬರು ಕೂಗಾಡಿದರು. "ಬಿಚ್ಚಾಯ್ತು. ಏನ್ ಮಾಡ್ಕತೀರೋ ಮಾಡ್ಕಳಿ" ಎಂದೆ. ಫ್ಲೆಕ್ಸನ್ನು ಸುರುಳಿ ಸುತ್ತಿ ಗೋಡೆಯ ಬದಿಗೆ ಒರಗಿಸಿ, ಅದರ ಮುಂದೆಯೇ ನಿಂತೆ.

ಬಾಯಿ ಜೋರು ಮಾಡಿದೆನೇ ಹೊರತು ಒಳಗೆ ಹೆದರಿಕೆಯಿತ್ತು. ನಾನು ಆ ಮನೆಯವಳಲ್ಲ. ನಾನು ಅಮ್ಮ ಎನ್ನುತ್ತಿದ್ದ ಅವರ ಹೆಂಡತಿಯನ್ನು ಒಂದು ಮಾತು ಕೇಳಿರಲಿಲ್ಲ. ಅಮ್ಮ ಒಳಗೆ ನೆಂಟರ ಮಧ್ಯೆ ಕೂತಿದ್ದರು. ಬೆಸಗರಹಳ್ಳಿಯ ಹುಡುಗಿಯನ್ನು ಕೇಳದೆ ಬೆಳ್ಳಗೆ ಮಾಡಿದ ಹಾಗೆ, ಈಗ ಈ ಹೆಂಗಸನ್ನು ಕೇಳದೆ ಅವರ ಗಂಡನನ್ನು ಕಪ್ಪು ಮಾಡಲು ಹೊರಟಿದ್ದೇನೆಯೇ ಎಂಬ ಯೋಚನೆ ಬಂತು. ಎರಡು ಗಂಟೆ ಬರೀ ಬಿದಿರು ನಿಂತಿತ್ತು. ಬಂದವರೆಲ್ಲ ಬಿದಿರು ನೋಡಿ, ನನ್ನನ್ನು ನೋಡಿ ಒಳಗೆ ಹೋದರು.

ಎಡೆ ಇಡುವ ಹೊತ್ತಿಗೆ ಸರಿಯಾಗಿ ಹೊಸದು ಬಂತು. ಯಾರೂ ಕೈ ಹಾಕಲಿಲ್ಲ, ನಾನೊಬ್ಬಳೇ ಕಟ್ಟಿದೆ. ಕಪ್ಪು ಮುಖ, ಹಣೆಯ ಗೆರೆಗಳು, ಬಣ್ಣ ಹಚ್ಚಿದ ಮೀಸೆ, ಈಗಲೋ ಆಗಲೋ ಬೈಯುವ ಹಾಗಿದ್ದ ಬಾಯಿ. ವಯಸ್ಸಾದ ಅವರ ದಾಯಾದಿ ಅಣ್ಣನೊಬ್ಬ ಕೋಲೂರಿಕೊಂಡು ಬಂದು ಕತ್ತೆತ್ತಿ ನೋಡಿ ಗಟ್ಟಿಯಾಗಿ ಹೇಳಿದ.

"ಇದೇನವ್ವ, ಸತ್ತೋನ್ನ ಇಷ್ಟೊಂದ್ ಕರ್ರುಗೆ ಆಕವ್ರೆ? ನೋಡ್ದೋರ್ ಏನಂದಾರು?"

ಅಮ್ಮ ಹೊರಗೆ ಬಂದರು. ಸೆರಗು ಹಿಡಿದುಕೊಂಡು ಬಿದಿರಿನ ಮುಂದೆ ನಿಂತು ತಲೆಯೆತ್ತಿದರು. ನಾನು ಅವರ ಮುಖ ನೋಡಲಾರದೆ ನೆಲ ನೋಡುತ್ತಿದ್ದೆ.

"ಬುಡಿ ಬಾವ," ಎಂದರು. "ನಾನ್ ಲಗ್ನ ಆಗಿದ್ದು ಇವ್ರುನ್ನೇ."

ಆಮೇಲೆ ನನ್ನ ಕಡೆ ತಿರುಗಿ, "ಎಲೆ ತಗಂಬಾ ಮಗ, ಒತ್ತಾಯ್ತು" ಎಂದರು.